ನಾನು ಈಳಿಗೆ, ಆಯುಧವಲ್ಲ

ನಾನು ಒಂದು ಈಳಿಗೆ. ಮೊದಲೇ ಹೇಳಿಬಿಡುತ್ತೇನೆ, ಕತ್ತಿಯಲ್ಲ, ಕೊಡಲಿಯಲ್ಲ. ಮಲಪ್ರಭೆಯ ದಂಡೆಯ ಊರಿನಲ್ಲಿ ಕಂಬಾರ ಮೌನೇಶಪ್ಪ ನನ್ನ ಅಲಗನ್ನು ಬಡಿದು ಬಾಗಿಸಿ, ಜಾಲಿಯ ಮಣೆಗೆ ಕೂರಿಸಿದ. ಸಂಗವ್ವನ ಅಡುಗೆಮನೆ ಸೇರಿದೆ. ಅವಳು ಮಣೆಯ ಮೇಲೆ ಕಾಲೊತ್ತಿ ಕೂತು ಬದನೆಕಾಯಿಯನ್ನು ನನ್ನತ್ತ ದೂಡುತ್ತಿದ್ದಳು, ನಾನು ಕೊಯ್ಯುತ್ತಿದ್ದೆ.

ದಂಗೆಯ ವರ್ಷ ಪರಂಗಿ ಸಾಹೇಬನೊಬ್ಬ ದುಭಾಷಿಯನ್ನು ಕಟ್ಟಿಕೊಂಡು ಮನೆಮನೆ ಹೊಕ್ಕು ಆಯುಧ ಹುಡುಕಿದ.

"ಇದರಾಗ ಏನ್ ಕೊಯ್ತಿ?" ಎಂದ ದುಭಾಷಿ.

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಸಂಗವ್ವನಿಗೆ ರೇಗಿತು. "ಕೈಗೆ ಸಿಕ್ಕಿದ್ದು ಕೊಯ್ತೀನಿ. ಏನೀಗ?"

ಆ ಪುಣ್ಯಾತ್ಮ ದುಭಾಷಿ ಸಾಹೇಬನಿಗೆ ಅದನ್ನು "ಕೈಗೆ ಸಿಕ್ಕವರನ್ನು" ಎಂದು ತಿಳಿಸಿದ. ನನ್ನನ್ನು ಕಿತ್ತುಕೊಂಡು ಹಡಗು ಹತ್ತಿಸಿದರು. ಸಾಹೇಬನ ಮನೆಯ ಗೋಡೆಗೆ ಮೂರು ತಲೆಮಾರು ನೇತಾಡಿದೆ. ಆಮೇಲೆ ಅವನ ಮರಿಮಗ ನನ್ನನ್ನು ಆ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಕೊಟ್ಟ.

ಅಲ್ಲಿ ಬ್ರಿಟಿಷ್ ಅಧ್ಯಯನ ವಿಭಾಗ. ಸಾಹಿತ್ಯದವರು, ಇತಿಹಾಸದವರು, ಸಮಾಜಶಾಸ್ತ್ರದವರು ಒಂದೇ ಮೇಜಿನ ಸುತ್ತ ಕೂತು ಸಾಮ್ರಾಜ್ಯದ ವಿಚಾರ ಮಾಡುತ್ತಾರೆ. ಅಡುಗೆಮನೆಯೊಂದನ್ನು ಬಿಟ್ಟು ಅವರಿಗೆ ಎಲ್ಲವೂ ಗೊತ್ತು. ನನ್ನ ಮುಂದಿಟ್ಟ ಚೀಟಿಯಲ್ಲಿ "ದಂಗೆಕೋರ ಹೆಂಗಸಿನ ಆಯುಧ. ಕೈಗೆ ಸಿಕ್ಕವರನ್ನು ಕೊಯ್ಯಲು" ಎಂದಿತ್ತು. ಓದಿದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಗದಗಿನ ನೀಲಾಂಬಿಕಾ ಅಲ್ಲಿಗೆ ಓದಲು ಬಂದಳು. ನನ್ನನ್ನು ಕಂಡವಳೇ "ಅಯ್ಯ, ಈಳಿಗಿ. ನೀ ಇಲ್ಲೇನ್ ಮಾಡಾಕತ್ತಿ?" ಎಂದಳು. ನನ್ನ ಹೆಸರು ಕೇಳಿ ನೂರೈವತ್ತು ವರ್ಷ ದಾಟಿತ್ತು. ಅತ್ತೇಬಿಡುತ್ತಿದ್ದೆ, ತುಕ್ಕು ಹಿಡಿದೀತೆಂದು ತಡೆದುಕೊಂಡೆ.

ಚೀಟಿ ತಪ್ಪು ಎಂದು ಅವಳು ಪ್ರಬಂಧ ಬರೆದಳು. ಪ್ರೊಫೆಸರ್ ಅದನ್ನು ಹಿಂದಿರುಗಿಸಿದರು. "ಸಾಹೇಬನ ಕೈಬರಹದ ದಾಖಲೆ ಇದೆ. ನಿನ್ನ ದಾಖಲೆ ಎಲ್ಲಿ? ಇಲ್ಲದಿದ್ದರೆ ಫೇಲು ಮಾಡಬೇಕಾಗುತ್ತದೆ."

ಮರುದಿನದ ಸೆಮಿನಾರಿಗೆ ಅವಳು ಒಂದು ಚೀಲ ಈರುಳ್ಳಿ ತಂದಳು. ಕೈಗವಸು ಕಳಚಿ, ನನ್ನನ್ನು ನೆಲಕ್ಕಿಳಿಸಿ, ಮಣೆಯ ಮೇಲೆ ಕಾಲೊತ್ತಿ ಕೂತಳು.

"ಅದನ್ನು ಮುಟ್ಟಬಾರದು" ಎಂದರು ಪ್ರೊಫೆಸರ್.

"ಅಲಗು ಯಾರ ಕಡೆ ತಿರುಗಿದೆ ನೋಡಿ ಸರ್. ನನ್ನ ಕಡೆ. ಇದನ್ನು ಹಿಡಿದು ನಾನು ಯಾರ ಮೇಲೆ ಯುದ್ಧಕ್ಕೆ ಹೋಗಲಿ?"

ಮೊಂಡಾಗಿದ್ದೆ, ಒಪ್ಪುತ್ತೇನೆ. ಆದರೂ ಹಟಕ್ಕೆ ಬಿದ್ದು ಕೊಯ್ದೆ. ಮೊದಲು ಮುಂದಿನ ಸಾಲಿನವರು ಮೂಗೆಳೆದರು. ಆಮೇಲೆ ಪ್ರೊಫೆಸರ್ ಕನ್ನಡಕ ತೆಗೆದು, ಕಣ್ಣೊರೆಸಿಕೊಳ್ಳುತ್ತಲೇ ಪೆನ್ನಿಗೆ ತಡಕಾಡಿ, ಚೀಟಿಯ ಬರಹವನ್ನೆಲ್ಲ ಹೊಡೆದುಹಾಕಿ, "ಹೆಸರು ಏನೆಂದೆ?" ಎಂದು ಕೇಳಿದರು.

ಈಗ ಅಲ್ಲಿ ಬರೀ "ಈಳಿಗೆ" ಎಂದಿದೆ. ಊರಿಗೆ ವಾಪಸು ಕಳಿಸುವ ಮಾತನ್ನು ಯಾರೂ ಎತ್ತಿಲ್ಲ. ಎತ್ತದಿರಲಿ. ಆ ದೇಶದವರಿಗೆ ನಾನು ಕಣ್ಣೀರು ಹಾಕಿಸಿದ್ದೇನೆ, ಒಬ್ಬರಿಗೂ ಒಂದು ಗೀರು ಬೀಳದ ಹಾಗೆ.