ಉರಿಯದ ಔಷಧಿ

"ಬಾಯಿ ತೆಗಿ ಅಕ್ಕಾ, ಒಂದೇ ಒಂದು ಚಮಚ ಸೂಪು," ಎಂದು ತಂಗಿ ಮೂರನೆಯ ಸಲ ಹೇಳಿದಳು. ದಿಂಬಿಗೊರಗಿ ಕೂತಿದ್ದ ಅಕ್ಕ ಮೂರನೆಯ ಸಲವೂ ಒಲ್ಲೆನೆಂದು ತಲೆಯಾಡಿಸಿದಳು. ತುಟಿಯ ಬಿರುಕುಗಳಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಬುಧವಾರ ತಂಗಿ ಬಂದಿದ್ದಾಗ ಬಟ್ಟಲು ತುಂಬ ಸೂಪು ಕುಡಿದು, ಇನ್ನೊಂದಿಷ್ಟು ಇದೆಯಾ ಎಂದು ಕೇಳಿದ್ದವಳು ಇವಳೇನಾ! ಸೋಮವಾರದೊಳಗೆ ತೂಕ ಏರದಿದ್ದರೆ ಮುಂದಿನ ಕ್ಯಾನ್ಸರ್ ಇಂಜೆಕ್ಷನ್ ಕೊಡುವುದಿಲ್ಲವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಇವತ್ತು ಶನಿವಾರ. ಎರಡು ದಿನದಿಂದ ಏನೂ ಸೇರುತ್ತಿಲ್ಲ ಎಂದು ಭಾವ ಬಾಗಿಲಲ್ಲೇ ಹೇಳಿದ್ದರು.

ಮೊದಲು ತುಟಿಗಿಷ್ಟು ಹಚ್ಚೋಣವೆಂದು ತಂಗಿ ದಿಂಬಿನ ಪಕ್ಕದ ಡಬ್ಬಿ ತೆರೆದಳು. ಲವಂಗದ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು.

ಹೋದ ಸೋಮವಾರ ಅವಳು ಮಾಡಿಕೊಟ್ಟ ಮುಲಾಮಿಗೆ ವಾಸನೆಯೇ ಇರಲಿಲ್ಲ. ಅವಳು ಹೊಲಿಗೆಯವಳು, ಅಳತೆ ತಪ್ಪುವ ಪೈಕಿಯವಳಲ್ಲ. ಒಂದು ಚಮಚ ಜೇನುಮೇಣ, ನಾಲ್ಕು ಚಮಚ ಕೊಬ್ಬರಿ ಎಣ್ಣೆ, ಅರ್ಧ ಚಮಚ ತುಪ್ಪ. ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು, ಒಂದು ತೊಟ್ಟು ನೀರೂ ಒಳಗೆ ಹಾರದಂತೆ ಕರಗಿಸಿದ್ದಳು. ಗಟ್ಟಿಯಾಯಿತೆಂದು ಮತ್ತೆ ಕರಗಿಸಿ ಇನ್ನಷ್ಟು ಎಣ್ಣೆ ಸೇರಿಸಿದ್ದಳು. ಹುಣ್ಣಾದ ತುಟಿಗೆ ಬಣ್ಣ ಕೂಡದು, ಪರಿಮಳ ಕೂಡದು ಎಂದು ನರ್ಸಮ್ಮ ಒತ್ತಿ ಒತ್ತಿ ಹೇಳಿದ್ದಳು.

"ಭಾವಾ! ಸ್ವಲ್ಪ ಇಲ್ಲಿ ಬರ್ತೀರಾ?"

ಭಾವ ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದರು. ಮೂವತ್ತು ವರ್ಷ ಕ್ಲಿನಿಕ್ಕಿನಲ್ಲಿ ಕಾಂಪೌಂಡರಾಗಿದ್ದವರು. ಡಾಕ್ಟರಿಗೇ ಪಾಠ ಹೇಳಿಕೊಟ್ಟವರ ಠೀವಿ.

"ಇದಕ್ಕೇನು ಹಾಕಿದ್ರಿ?"

"ಲವಂಗದೆಣ್ಣೆ. ಹತ್ತೇ ಹನಿ. ನೀನು ಮಾಡಿದ್ದು ಬರೀ ಜಿಡ್ಡಮ್ಮಾ, ಅದರಲ್ಲಿ ಔಷಧಿ ಎಲ್ಲಿತ್ತು? ಗುರುವಾರ ನಾನೇ ಕರಗಿಸಿ ಸೇರಿಸ್ದೆ."

"ಯಾರನ್ನ ಕೇಳಿ ಸೇರಿಸಿದ್ರಿ?"

"ಕೇಳೋದೇನು? ಹಲ್ಲುನೋವು ಅಂತ ಬಂದ ಎಷ್ಟು ಜನಕ್ಕೆ ಹಾಕಿದೀನಿ ನಾನು! ಸ್ವಲ್ಪ ಉರಿಯುತ್ತೆ. ಉರಿಯದೇ ಇರೋದು ಔಷಧಿನಾ? ಉರೀತಿದೆ ಅಂದ್ರೆ ಕೆಲಸ ಮಾಡ್ತಿದೆ ಅಂತ ಲೆಕ್ಕ."

ತಂಗಿಗೆ ಅಂಗಾಲಿನಿಂದ ನೆತ್ತಿಯವರೆಗೂ ಸಿಟ್ಟೇರಿತು. ಈ ಮನೆಯಲ್ಲಿ ಯಾವ ಅಡುಗೆಗೆ ಇವರು ಕೊನೇ ಗಳಿಗೆಯಲ್ಲಿ ಬಂದು ಒಂದು ಚಿಟಿಕೆ ಉಪ್ಪು ಹಾಕದೆ ಬಿಟ್ಟಿದ್ದಾರೆ? ಅಕ್ಕನ ಬಟ್ಟೆಯ ಬಣ್ಣ ಇವರ ಆಯ್ಕೆ. ಅಕ್ಕ ಯಾರ ಮನೆಗೆ ಹೋಗಬೇಕು, ಹೋದರೆ ಎಷ್ಟು ಹೊತ್ತು ಕೂರಬೇಕು, ಅದೂ ಇವರದೇ. ಹಾಳಾಗಿ ಹೋಗಲಿ ಎಂದು ಇಷ್ಟು ವರ್ಷ ಹಲ್ಲು ಕಚ್ಚಿಕೊಂಡಿದ್ದಾಯಿತು. ಈಗ ಹುಣ್ಣಾದ ತುಟಿಯನ್ನೂ ಬಿಡಲಿಲ್ಲವಲ್ಲ ಈ ಮಹಾನುಭಾವರು!

"ಕೆಲಸ ಮಾಡ್ತಿದೆಯಾ? ಕಣ್ಣು ಬಿಟ್ಟು ನೋಡಿ! ತುಟಿ ಸುಲಿದುಹೋಗಿದೆ. ಹೊಟ್ಟೆಗೆ ಏನೂ ಇಲ್ಲ. ಸೋಮವಾರದ ಇಂಜೆಕ್ಷನ್ ತಪ್ಪಿದ್ರೆ ನಿಮ್ಮ ಲವಂಗ ಬಂದು ಉಳಿಸುತ್ತಾ ಅಕ್ಕನ್ನ?"

"ದನಿ ಏರಿಸ್ಬೇಡ. ಇಲ್ಲದ ಉಸಾಬರಿ ನಿಂಗ್ಯಾಕೆ?" ಎಂದರು ಭಾವ. ಹೆಂಡತಿಯ ಕಡೆ ತಿರುಗಿದರು. "ಏನೇ, ಉರೀತು ಅಂತ ಒಂದು ಸಲನಾದ್ರೂ ಹೇಳಿದ್ಯಾ?"

ಅಕ್ಕ ಹೊದಿಕೆಯ ಅಂಚನ್ನು ಹಿಂಡುತ್ತ ಕೂತಳು.

"ಉರೀತಿತ್ತಾ ಅಕ್ಕಾ? ಗುರುವಾರದಿಂದ್ಲೂ?"

ಅಕ್ಕ ಹೌದೆಂದು ತಲೆಯಾಡಿಸಿ, ತುಟಿ ತಾಗಿಸದೆ ಗಂಟಲಿನಲ್ಲೇ ಹೇಳಿದಳು: "ಆಸೆಯಿಂದ ಹಚ್ತಾರೆ ಕಣೇ. ಹೇಗೆ ಹೇಳ್ಲಿ?"

ಈಗ ಅಕ್ಕನ ಮೇಲೆ ಬಂದ ಸಿಟ್ಟಿನ ಮುಂದೆ ಭಾವನ ಮೇಲಿದ್ದ ಸಿಟ್ಟು ಏನೇನೂ ಅಲ್ಲ ಅನ್ನಿಸಿತು ತಂಗಿಗೆ. "ಥೂ, ನಿನ್ನ ಹಣೆಬರಹಕ್ಕಿಷ್ಟು! ಪ್ರಾಣ ಹೋದ್ರೂ ಪರವಾಗಿಲ್ಲ, ಗಂಡನಿಗೆ ಬೇಜಾರಾಗಬಾರದು ಅಲ್ವಾ? ಕೂತಿರು ಹಾಗೇ!" ಎಂದು ಕೂಗಿ, ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ನುಗ್ಗಿದಳು. ಮುಲಾಮನ್ನು ಚಮಚದಿಂದ ಕೆರೆದು ಕಸದ ಬುಟ್ಟಿಗೆ ಬಳಿದಳು. ಡಬ್ಬಿಯನ್ನು ಸೋಪು ಹಾಕಿ ಮೂರು ಸಲ ತೊಳೆದು, ಒರೆಸಿ, ಮೂಸಿ ನೋಡಿದಳು. ಹೊಸ ಮುಲಾಮಿಗೆಂದು ಉಳಿದಿದ್ದ ಮೇಣ ಕರಗಿಸುತ್ತಿದ್ದಾಗ ಕಣ್ಣೀರು ಧಾರಾಕಾರ ಸುರಿಯಿತು. ನೀರು ಬಿದ್ದರೆ ಮುಲಾಮು ಕೆಡುತ್ತದೆಂದು ಮುಖ ಅತ್ತ ತಿರುಗಿಸಿಕೊಂಡೇ ಕಲಕಿದಳು.

"ನಾಲ್ಕು ಹನಿಯಾದ್ರೂ..." ಎಂದರು ಭಾವ ಬಾಗಿಲ ಬಳಿ.

"ಒಂದು ಹನಿ ಬಿದ್ರೂ ಈ ಬಟ್ಟಲು ನಿಮ್ಮ ತಲೆ ಮೇಲೆ!"

ಭಾವ ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಡಬ್ಬಿಗೆ ಸುರಿದದ್ದು ತಣ್ಣಗಾಗಿ ಹೆಪ್ಪುಗಟ್ಟಿದ್ದೇ ತಡ, ತಂಗಿ ಕೈಯೊರೆಸಿಕೊಳ್ಳುವಷ್ಟರಲ್ಲಿ ಅದನ್ನೆತ್ತಿಕೊಂಡು ಹೊರಟರು. "ಕಾಯಿಲೆ ಬಿದ್ದಾಗಿಂದ ಎಲ್ಲಾ ನಾನೇ ನೋಡ್ಕೊಂಡಿರೋದು. ಹಚ್ಚೋಕೂ ನನಗೆ ಬರಲ್ವಾ?" ತಂಗಿ ಹಿಂದೆಯೇ ಓಡಿದಳು. ಅಷ್ಟರಲ್ಲಿ ಭಾವ ಮಂಚದ ಮೇಲೆ ಬಾಗಿ, ಮುಲಾಮು ಮೆತ್ತಿದ ಬೆರಳನ್ನು ಅಕ್ಕನ ಬಾಯಿಗೆ ಹಿಡಿದಿದ್ದರು.

"ಬೇಡ," ಎಂದಳು ಅಕ್ಕ.

ಆ ಒಂದು ಮಾತಿಗೆ ಎರಡು ತುಟಿಯೂ ಕೂಡಬೇಕು. ಕೂಡಿದವು, ಬಿರಿದವು. ಕೆಳತುಟಿಯಿಂದ ರಕ್ತ ಗದ್ದಕ್ಕಿಳಿಯಿತು.

"ಇದಕ್ಕೆ ಏನೂ ಹಾಕಿಲ್ಲ ಕಣೇ..."

"ಬೇಡ ಅಂದೆ."

ಅಕ್ಕ ಕೈಚಾಚಿ ಡಬ್ಬಿಯನ್ನು ಅವರ ಕೈಯಿಂದ ತೆಗೆದುಕೊಂಡಳು. ಕಿರುಬೆರಳಿಗೆ ಇಷ್ಟೇ ಇಷ್ಟು ಹಚ್ಚಿಕೊಂಡು, ಗೋಡೆಯ ಕಡೆ ನೋಡುತ್ತ, ಮೆಲ್ಲಗೆ ತುಟಿಗೆ ಸವರಿಕೊಳ್ಳತೊಡಗಿದಳು. ಭಾವ ಬೆರಳನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ನಿಂತೇ ಇದ್ದರು.