ಅಂಗಾಲಿಗೆ ಕೇಳಿದ್ದು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಹೆಜ್ಜೆ ಅಕ್ಕ ಎಂದೇ ಕರೆಯುತ್ತಿದ್ದರು. ಟಿವಿಯ ಸೂಪರ್‌ಹೀರೋ ಧಾರಾವಾಹಿಯಲ್ಲಿ ಯಾರೇ ನಡೆಯಲಿ, ಓಡಲಿ, ಮಾಳಿಗೆಯಿಂದ ದುಮುಕಲಿ, ಹೆಜ್ಜೆಯ ಸದ್ದು ಅವಳದು. ಶೂಟಿಂಗ್‌ನಲ್ಲಿ ಸಿಕ್ಕ ಸದ್ದು ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಅವಳು ಪರದೆ ನೋಡುತ್ತ ಹಲಗೆ, ಜಲ್ಲಿ, ತಗಡು, ಮರಳಿನ ತಟ್ಟೆಗಳ ಮೇಲೆ ಅದೇ ನಡಿಗೆ ನಡೆಯಬೇಕು. ಬಟ್ಟೆಯ ಸರಸರ, ಬೀಗದಕೈ ಗೊಂಚಲಿನ ಕಿಣಿಕಿಣಿ ಕೂಡ ಅವಳದೇ. ಖಳನಾಯಕರ ಮೂಳೆ ಮುರಿಯುವಾಗ ಅವಳ ಕೈಯಲ್ಲಿ ಒಂದು ಗಜ್ಜರಿ ಲಟಕ್ಕನೆ ಮುರಿಯುತ್ತಿತ್ತು. ಗಾಜಿನಾಚೆ ಕೂತು ಇದನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದವನು ಅವಳ ತಮ್ಮ, ಮೂವತ್ತೆಂಟಕ್ಕೇ ಅರ್ಧ ತಲೆ ಬೋಳಾದವನು.

ಎಂಟು ತಿಂಗಳ ಹಿಂದೆ ಒಂದು ದಿನ ಗೊಂಚಲು ಅಲ್ಲಾಡಿಸಿದರೆ ಬಟ್ಟೆಯಲ್ಲಿ ಸುತ್ತಿಟ್ಟಂತೆ ಮಂಕಾಗಿ ಕೇಳಿಸಿತ್ತು. ಗೊಂಚಲನ್ನು ಬೈದು ಹೊಸದು ತರಿಸಿದಳು. ಹೊಸದೂ ಮಂಕೇ. ಕಿವಿ ಡಾಕ್ಟರು ಒಂದು ನಕ್ಷೆ ಕೈಗಿಟ್ಟರು. ಅದರಲ್ಲಿ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಸೆಕೆಂಡಿಗೆ ಮೂರು ಸಾವಿರ ಕಂಪನದ ಹತ್ತಿರ ಬಾವಿಗೆ ಬಿದ್ದಂತೆ ಇಳಿದಿತ್ತು. ದಪ್ಪ ಸದ್ದುಗಳು ಉಳಿದಿವೆ, ಕೀಚಲು ಸದ್ದುಗಳು ಹೋಗಿವೆ. ಯಂತ್ರ ಹಾಕಿಕೊಳ್ಳಿ ಎಂದರು. ಅವಳು ನಕ್ಷೆಯನ್ನು ಮಡಚಿ ಬೂಟುಗಳ ಪೆಟ್ಟಿಗೆಯ ತಳದಲ್ಲಿಟ್ಟಳು. ಕಿವಿಯ ಮೇಲೇ ನಿಂತ ಕೆಲಸ. ಕೇಳಿಸುವುದಿಲ್ಲವೆಂದು ಗೊತ್ತಾದರೆ ಯಾರು ಇಟ್ಟುಕೊಂಡಾರು? ತಮ್ಮನ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ. ಬೂಟುಗಳಿಗೆ ತೆಳು ಅಟ್ಟೆ ಹಾಕಿಸಿ, ಹಲಗೆಯ ನಡುಕವನ್ನು ಅಂಗಾಲಿನಿಂದ ಅಳೆಯುವುದನ್ನು ಕಲಿತಳು.

ಹೀಗಿರುವಾಗ ಕೆಟ್ಟ ಕನಸಿನ ಕಂತು ಬಂತು. ಮಾಯಾವಿಯ ಮಹಲಿನಲ್ಲಿ ಸಿಕ್ಕಿಬಿದ್ದ ಮೂವರು ವೀರರೂ ತಮ್ಮ ತಮ್ಮ ದೊಡ್ಡ ಭಯವನ್ನು ಎದುರಿಸಬೇಕು. ಬೆಂಕಿ ಉಗುಳುವವನಿಗೆ ನೀರು ಏರುತ್ತಿರುವ ಕೋಣೆ, ಹಾರುವವನಿಗೆ ಆಳದ ಬಾವಿ. ಹತ್ತು ಮೈಲಿಯಾಚೆ ಸೂಜಿ ಬಿದ್ದರೂ ಕೇಳಿಸಿಕೊಳ್ಳುವ ನಾಯಕಿಗೆ ಕಿವುಡು.

ಬೆಳಿಗ್ಗೆ ಹತ್ತಕ್ಕೆ ನಿರ್ದೇಶಕ ಬಂದು ಕೂತ. ಯಾವುದನ್ನೂ ಒಂದೇ ಸಲಕ್ಕೆ ಒಪ್ಪದವನಾದ್ದರಿಂದ ಬೆನ್ನ ಹಿಂದೆ ಎಲ್ಲರೂ ಅವನನ್ನು 'ಇನ್ನೊಂದ್ಸಲ ಸಾರ್' ಎಂದೇ ಕರೆಯುತ್ತಿದ್ದರು.

"ಇವತ್ತು ನಿಮಗೆ ಕೆಲಸ ಕಮ್ಮಿ, ಅಕ್ಕ. ಅವಳಿಗೆ ಕಿವಿ ಹೋಗುತ್ತೆ. ಸದ್ದೆಲ್ಲ ಬಂದ್. ಮೇಲೊಂದು ಕುಂಯ್ ಅನ್ನೋ ಶಿಳ್ಳೆ. ಮುಗೀತು."

ಪರದೆಯ ಮೇಲೆ ನಾಯಕಿ ಕಿಕ್ಕಿರಿದ ಪೇಟೆಯ ನಡುವೆ ನಿಂತಿದ್ದಳು. ಸುತ್ತ ಜನ ಮಾತಾಡುತ್ತಾರೆ, ನಗುತ್ತಾರೆ. ಅವಳು ಕುಸಿದು ಅಂಗೈಯನ್ನು ನೆಲಕ್ಕೂರುತ್ತಾಳೆ. ಬೆನ್ನ ಹಿಂದೆ ಮಾಯಾವಿ ಬರುತ್ತಾನೆ. ಥಟ್ಟನೆ ತಿರುಗಿ ಹೊಡೆಯುತ್ತಾಳೆ.

"ಅವನು ಹಿಂದಿದಾನೆ ಅಂತ ಅವಳಿಗೆ ಹೇಗೆ ಗೊತ್ತಾಯ್ತು ಸಾರ್?" ಎಂದ ತಮ್ಮ.

"ಹೀರೋಯಿನ್ ಕಣಯ್ಯ. ಗೊತ್ತಾಗುತ್ತೆ."

ಹೆಜ್ಜೆ ಅಕ್ಕ ಕೈಯಲ್ಲಿದ್ದ ಬೂಟು ಕೆಳಗಿಟ್ಟಳು. ಸುಮ್ಮನಿದ್ದರೆ ಇವತ್ತಿಗೂ ಬಚಾವ್. ಆದರೆ ಒಂಬತ್ತು ವರ್ಷ ಆ ನಾಯಕಿಗಾಗಿ ನಡೆದ ಕಾಲು ಇದು. ಅವಳ ಮೈಮೇಲೆ ಸುಳ್ಳು ಸದ್ದು ಬಿದ್ದರೆ ಸಹಿಸದು.

"ಕಿವಿ ಹೋದ್ರೆ ಹಾಗಿರಲ್ಲ ಸಾರ್," ಎಂದಳು. "ಒಂದು ಗಂಟೆ ಕೊಡಿ. ತೋರಿಸ್ತೀನಿ."

ಅವನು ಗಡಿಯಾರ ನೋಡಿ ಹೂಂ ಎಂದ.

ಅವಳು ಗಾಜಿನ ಹತ್ತಿರ ಹೋಗಿ ತಮ್ಮನಿಗೆ ಹೇಳಿದಳು: "ಪೇಟೆ ಸದ್ದು ಹಾಗೇ ಇರಲಿ ಕಣೋ. ಮೂರು ಸಾವಿರದ ಮೇಲಿರೋದನ್ನ ಮಾತ್ರ ತೆಗಿ. ಒಂದೇ ಏಟಿಗಲ್ಲ, ಇಳಿಜಾರಾಗಿ. ಮೊದಲು ಹಕ್ಕಿ ಹೋಗಲಿ, ಆಮೇಲೆ ಬೀಗದಕೈ, ಆಮೇಲೆ ಮಾತಿನ ಸಕಾರ, ಶಕಾರ."

ತಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಗುಂಡಿ ತಿರುಗಿಸಿದ.

ನಾಯಕಿಯ ಹೆಜ್ಜೆಗಳನ್ನು ಅವಳು ಬೂಟಿಗೆ ಉಣ್ಣೆ ಬಟ್ಟೆ ಸುತ್ತಿ ಮತ್ತೆ ನಡೆದಳು. ಅಟ್ಟೆ ಉಜ್ಜುವ ಕರಕರ ಹೋಯಿತು, ಹಿಮ್ಮಡಿಯ ದಪ್ಪ ಏಟು ಉಳಿಯಿತು. ಕೊನೆಗೆ ಮೈಕನ್ನು ಹಲಗೆಯ ತಳಕ್ಕೇ ಅಂಟಿಸಿ, ಮಾಯಾವಿಯ ಭಾರದ ಬೂಟು ಮೆಟ್ಟಿ ಏಳು ಹೆಜ್ಜೆ ಹಾಕಿದಳು.

"ಇದು ಅವಳ ಅಂಗೈ ನೆಲ ಮುಟ್ಟಿದಾಗ ಶುರುವಾಗಲಿ," ಎಂದಳು. "ಅದಕ್ಕಿಂತ ಒಂದು ಕ್ಷಣವೂ ಮುಂಚೆ ಬೇಡ."

ತಮ್ಮ ದೃಶ್ಯ ಹಾಕಿದ. ಪೇಟೆಯ ಮೇಲೆ ಯಾರೋ ಒಂದೊಂದೇ ಕಂಬಳಿ ಹೊದಿಸುತ್ತ ಹೋದಂತಾಯಿತು. ಹಕ್ಕಿ ಹೋಯಿತು. ಯಾರದೋ ಸೊಂಟದ ಬೀಗದಕೈ ಗೊಂಚಲು ಅಲ್ಲಾಡಿತು, ಕಿಣಿಕಿಣಿ ಇಲ್ಲ. ಜನ ಮಾತಾಡುತ್ತಲೇ ಇದ್ದರು, ದನಿ ಕೇಳುತ್ತಿತ್ತು, ಒಂದು ಮಾತೂ ತಿಳಿಯುತ್ತಿರಲಿಲ್ಲ. ಯಾರೋ ಜೋಕು ಹೇಳಿದರು, ಎಲ್ಲರೂ ನಕ್ಕರು. ಯಾತಕ್ಕೆಂದು ತಿಳಿಯದ ನಾಯಕಿ ತಾನೂ ನಕ್ಕಳು. ಚಿತ್ರೀಕರಣದಲ್ಲಿ ಆ ನಗು ಮೊದಲೇ ಇತ್ತು. ಅದರಲ್ಲಿ ಇಷ್ಟು ಭಯವಿದೆಯೆಂದು ಈಗ ಗೊತ್ತಾಯಿತು. ಆಮೇಲೆ ಅಂಗೈ ನೆಲ ಮುಟ್ಟಿತು. ಧಿಂ. ಧಿಂ. ನಾಯಕಿಯ ಕಣ್ಣು ಅರಳಿತು. ಏಳನೆಯ ಧಿಂಗೆ ತಿರುಗಿ ಹೊಡೆದಳು.

ನಿರ್ದೇಶಕ ಕುರ್ಚಿಯಿಂದ ಎದ್ದುಬಿಟ್ಟಿದ್ದ.

"ಅವಳು ಗೆದ್ದಳಲ್ಲ," ಎಂದ ಮೆಲ್ಲಗೆ. "ಇಷ್ಟು ಹೊತ್ತು ಸುಮ್ಮನೆ ಹೊಡೀತಿದ್ದಳು. ಯಾರು ಹೇಳಿಕೊಟ್ಟರು ಅಕ್ಕ ನಿಮಗೆ ಇದನ್ನ?"

ಅವಳು ಬೂಟಿನ ಪೆಟ್ಟಿಗೆಯ ತಳದಿಂದ ನಕ್ಷೆ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. "ನನ್ನ ಕಿವಿ ಸಾರ್. ಎಂಟು ತಿಂಗಳಾಯ್ತು. ಅಂಗಾಲಲ್ಲೇ ದಿನ ದೂಡ್ತಿದೀನಿ. ಬೇಡ ಅಂದ್ರೆ ಇವತ್ತೇ ಹೇಳಿಬಿಡಿ."

"ಎಂಟು ತಿಂಗಳು? ಪ್ರತಿ ಕಂತನ್ನೂ ಕಿವಿಯಾರೆ ಕೇಳಿ ಒಪ್ಪಿದವನು ನಾನು."

"ನಾನು ಇಳಿಸ್ತಿದ್ದೆ ಸಾರ್," ಎಂದ ತಮ್ಮ. "ತನಗೆ ಕೇಳಿಸಲಿ ಅಂತ ಅಕ್ಕ ಗೊಂಚಲು ಜೋರಾಗಿ ಅಲ್ಲಾಡಿಸ್ತಿದ್ದಳು, ಬಟ್ಟೆ ಜೋರಾಗಿ ಉಜ್ಜುತಿದ್ದಳು. ದಿನಾ ಸಂಜೆ ಅದಿಷ್ಟನ್ನ ತಗ್ಗಿಸಿ ಕಳಿಸ್ತಿದ್ದೆ."

"ಗೊತ್ತಿದ್ದೂ ಹೇಳಲಿಲ್ವೇನೋ?" ಎಂದಳು ಅಕ್ಕ.

"ನಾನು ಆರನೇ ಕ್ಲಾಸ್‌ವರೆಗೂ ಹಾಸಿಗೆ ಒದ್ದೆ ಮಾಡ್ಕೊತಿದ್ದೆ. ನೀನು ಯಾರಿಗಾದ್ರೂ ಹೇಳಿದ್ಯಾ?"

ಅವಳಿಗೆ ನಗು ಉಕ್ಕಿತು. ನಿರ್ದೇಶಕನೂ ನಕ್ಕ. ಈ ಸಲ ಯಾತಕ್ಕೆ ನಗುತ್ತಿದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಅಕ್ಕ, ಇದನ್ನ ಕಿವಿ ನೆಟ್ಟಗಿರೋ ಯಾರೂ ಮಾಡ್ತಿರಲಿಲ್ಲ," ಎಂದ ನಿರ್ದೇಶಕ. "ಮುಂದಿನ ಕಂತುಗಳೂ ನಿಮ್ಮವೇ. ಯಂತ್ರ ಹಾಕಿಸ್ಕೊಳ್ಳಿ. ಬೀಗದಕೈ ಎಷ್ಟು ಜೋರಾಗಿರಬೇಕು ಅಂತ ಇವನನ್ನ ಬಾಯಿಬಿಟ್ಟು ಕೇಳಿ."

"ನಾಳೆ ಬೆಳಿಗ್ಗೆನೇ ಹಾಕಿಸ್ಕೊಂಡು ಬರ್ತೀನಿ. ಹನ್ನೊಂದಕ್ಕೆ ಶುರು ಮಾಡೋಣ."

ಕೊನೆಯ ಶಾಟ್ ಇನ್ನೂ ಬಾಕಿಯಿತ್ತು. ನಾಯಕಿ ಮಹಲಿನಿಂದ ಹೊರಗೆ ಬರುತ್ತಾಳೆ, ಕಿವಿ ಮರಳಿದೆ, ಸೊಂಟದಲ್ಲಿ ಮಾಯಾವಿಯ ಬೀಗದಕೈಗಳು. ಅಕ್ಕ ಬೂಟಿನ ಉಣ್ಣೆ ಬಿಚ್ಚಿ ಜಲ್ಲಿಯ ತಟ್ಟೆಗೆ ಇಳಿದಳು. ಗೊಂಚಲು ಅಲ್ಲಾಡಿಸಿ ಗಾಜಿನ ಕಡೆ ಕೂಗಿದಳು: "ಸಾಕೇನೋ?"

ತಮ್ಮ ಅಂಗೈ ಇಳಿಸಿ ತೋರಿಸಿದ. ಅವಳು ತಗ್ಗಿಸಿದಳು. ಇನ್ನೂ ಸ್ವಲ್ಪ ಎಂದ, ಇನ್ನೂ ತಗ್ಗಿಸಿದಳು. ಅವನ ಹೆಬ್ಬೆರಳು ಮೇಲೆದ್ದಿತು.

ಕೆಂಪು ದೀಪ ಹತ್ತಿತು. ಅವಳು ಎದೆ ಸೆಟೆಸಿ ನಡೆದಳು. ಜಲ್ಲಿಯ ಪ್ರತಿ ಕಲ್ಲೂ ಅಂಗಾಲಿಗೆ ಸ್ಪಷ್ಟವಾಗಿ ಕೇಳಿಸಿತು. ಶಾಟ್ ಮುಗಿದು ದೀಪ ಆರಿದಾಗ ಇಬ್ಬರೂ ಅಭ್ಯಾಸದಂತೆ ನಿರ್ದೇಶಕನ ಕಡೆ ನೋಡಿದರು. ಅವನು 'ಇನ್ನೊಂದ್ಸಲ' ಎನ್ನಲು ಬಾಯಿ ತೆರೆದ, ಮುಚ್ಚಿದ, ಎದ್ದು ಕಾಗದಗಳನ್ನು ಜೋಡಿಸತೊಡಗಿದ.