ಡೋರೀನ್ ಹಾಕಿದ ಗಂಟುಗಳು

“ಸೊಂಟದ ಬದಲು ನಿನ್ನ ಕಣ್ಣು ಹೋಗಿದ್ದಿದ್ರೆ ನಾವು ಬಚಾವಾಗ್ತಿದ್ವಿ ನೋಡಮ್ಮ,” ಅಂದಳು ಜೆಮ್ಮಾ, ಒದ್ದೆ ಕೋಟನ್ನು ಬಾಗಿಲ ಹಿಂದೆ ನೇತುಹಾಕುತ್ತ.

ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಡೋರೀನಳ ಕೈ ಒಂದು ಗಳಿಗೆ ನಿಂತು ಮತ್ತೆ ಆಡತೊಡಗಿತು. ತಾಯಿಗೂ ಮಗಳಿಗೂ ನಾಲಿಗೆ ಚುರುಕು. ಇಂಗ್ಲೆಂಡಿನ ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದಿನ ಆ ಬೀದಿಯಲ್ಲಿ ಮೆತ್ತಗೆ ಮಾತಾಡಿದವರು ಬಾಳಿದ್ದುಂಟೆ? ಡೋರೀನಳ ಗಂಡ ನದಿ ದಾಟಿ ಎದುರಾಳಿ ಬಂದರಾದ ಹಲ್ ಊರಿಗೆ ಹೋಗಿ ಬೇರೆ ಸಂಸಾರ ಹೂಡಿದ್ದ. ಗ್ರಿಮ್ಸ್‌ಬಿಯವರ ಲೆಕ್ಕದಲ್ಲಿ ಅದು ಸಮುದ್ರಪಾಲಾಗುವುದಕ್ಕಿಂತ ಹೀನ. ಅಂದಿನಿಂದ ಇವರಿಬ್ಬರೇ.

ಆಗಿದ್ದು ಇಷ್ಟು. ಮೀನಿನ ಕಾರ್ಖಾನೆಯಲ್ಲಿ ಜೆಮ್ಮಾಳ ಕೆಲಸ ಖಾಯಂ ಆಗಿತ್ತು. ಪಕ್ಕದ ಮನೆಯ ಷೀಲಾ ಸಂಭ್ರಮಪಟ್ಟು ಕೇಕ್ ಮಾಡಿ ತಂದಿದ್ದಳು. ಕೇಕ್ ಮುಗಿಯುವ ಮೊದಲೇ ಬಾಡಿಗೆಗೆ ನೆರವು ಕೊಡುವ ಸರ್ಕಾರಿ ಕಚೇರಿಯಿಂದ ಕಾಗದ ಬಂತು. ಸೊಂಟ ಮುರಿದು ಮನೆ ಹಿಡಿದ ಡೋರೀನಳ ಬಾಡಿಗೆಯನ್ನು ಇಷ್ಟು ವರ್ಷ ಸರ್ಕಾರವೇ ಕಟ್ಟುತ್ತಿತ್ತು. ಈಗ ಮನೆಯಲ್ಲಿ ಸಂಬಳದ ಮಗಳಿದ್ದಾಳೆ. ಅವಳು ಕೊಡಲಿ ಬಿಡಲಿ, ಅವಳ ಪಾಲೆಂದು ಆ ನೆರವಿನಿಂದ ಒಂದು ದೊಡ್ಡ ತುಂಡನ್ನು ಕಚೇರಿಯವರು ಕಡಿದೇ ಕಡಿಯುತ್ತಾರೆ. ಆ ಕಡಿತವನ್ನು ತುಂಬಿಕೊಟ್ಟರೆ ಚಳಿಗಾಲಕ್ಕೆ ಹೀಟರು ಹಚ್ಚುವಂತಿಲ್ಲ. ಜೆಮ್ಮಾ ಮನೆಯಲ್ಲಿ ಇಲ್ಲದಿದ್ದರೆ ಕಡಿತವೂ ಇಲ್ಲ. ಹಾಗಾಗಿ ಅವಳು ಗೆಳತಿಯ ಮನೆಯಲ್ಲಿ ಒಂದು ಕೋಣೆ ನೋಡಿಟ್ಟಿದ್ದಳು. ಶನಿವಾರ ಹೊರಡುವುದೆಂದು ಬ್ಯಾಗನ್ನೂ ತುಂಬಿಟ್ಟಿದ್ದಳು. ಡೋರೀನ್ ಅದಕ್ಕೆ ಬೇಡವೆಂದೂ ಹೇಳಿರಲಿಲ್ಲ, ಆಗಲಿ ಎಂದೂ ಹೇಳಿರಲಿಲ್ಲ.

ಇವತ್ತು ಕೊನೆಯದಾಗಿ ಒಂದು ಸಲ ಕೇಳಿ ನೋಡೋಣವೆಂದು ಜೆಮ್ಮಾ ಕಚೇರಿಗೆ ಹೋಗಿದ್ದಳು. ಕಿಟಕಿಯ ಹಿಂದಿನ ಹುಡುಗ ಒಳ್ಳೆಯವನು, ಪಾಪ, ಹುಡುಕಿ ಹುಡುಕಿ ನೋಡಿದ. ಬಾಡಿಗೆ ಮನೆ ಯಾರ ಹೆಸರಲ್ಲಿದೆಯೋ ಅವರಿಗೆ ಕಣ್ಣು ಕಾಣದಿದ್ದರೆ ಮಾತ್ರ, ಮಕ್ಕಳು ಎಷ್ಟೇ ದುಡಿಯಲಿ, ಕಡಿತವಿಲ್ಲ ಅಂದನಂತೆ. ನಮ್ಮಮ್ಮನಿಗೆ ಸೊಂಟದಿಂದ ಮೇಲೆ ಎಲ್ಲ ಸರಿಯಾಗಿದೆ, ನಾಲಿಗೆಯಂತೂ ಬಹಳ ಚೆನ್ನಾಗಿದೆ ಎಂದು ಹೇಳಿ ಬಂದೆ ಎಂದು ಜೆಮ್ಮಾ ನಕ್ಕಳು.

ಡೋರೀನ್ ನಗಲಿಲ್ಲ. ಚಾಕುವನ್ನು ಮೇಜಿನ ಅಂಚಿಗೆ ಸಮನಾಗಿ ಇಟ್ಟಳು.

“ಹಾಗಾದ್ರೆ ಆ ಹುಡುಗನಿಗೆ ಹೇಳು. ನಮ್ಮಮ್ಮನಿಗೆ ಕಣ್ಣು ಕಾಣಲ್ಲ ಅಂತ.”

ಜೆಮ್ಮಾಳಿಗೆ ಸಿಟ್ಟೇ ಬಂತು. ಬೆನ್ನು ನೋವೆಂದು ಭತ್ಯೆ ತಿನ್ನುತ್ತಿದ್ದ ಹಿಂದಿನ ಬೀದಿಯವನು ತಂಗಿಯ ಮದುವೆಯಲ್ಲಿ ಕುಣಿದು ಸಿಕ್ಕಿಬಿದ್ದದ್ದು ನೆನಪಿಲ್ಲವೇ, ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡುತ್ತಾರೆ, ಇದ್ದದ್ದನ್ನೂ ಕಿತ್ತುಕೊಳ್ಳುತ್ತಾರೆ ಎಂದು ತಾಯಿಯನ್ನು ಚೆನ್ನಾಗಿ ಬೈದಳು.

“ನೋಡ್ಲಿ ಬಿಡು.”

“ಅಮ್ಮ, ಸುಳ್ಳು ಹೇಳಿ ಸಿಕ್ಕಿಬೀಳ್ತೀಯ.”

“ಸುಳ್ಳು ಹೇಳಿದ್ದು ಇಷ್ಟು ದಿನ ಕಣೇ.”

ಡೋರೀನ್ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಜೆಮ್ಮಾ ಬೂಟು ಕಳಚಿದ್ದಳು. ಸದ್ದಿಲ್ಲದೆ ಒಲೆಯ ಪಕ್ಕಕ್ಕೆ ಸರಿದು ನಿಂತಳು. ತಾಯಿಯ ಕಣ್ಣು ಅವಳನ್ನು ಹಿಂಬಾಲಿಸಲಿಲ್ಲ. ಅವು ಕೋಟಿನ ಮೇಲೆಯೇ, ಮಗಳ ಮುಖವನ್ನು ನೋಡುವಷ್ಟು ಅಕ್ಕರೆಯಿಂದ ನೆಟ್ಟಿದ್ದವು.

ಆಮೇಲೆ ಡೋರೀನ್ ಎಲ್ಲ ಹೇಳಿದಳು. ಸೊಂಟ ಮುರಿದ ಮರುವರ್ಷವೇ ಶುರುವಾಗಿತ್ತಂತೆ, ಮೊದಲು ಕಣ್ಣೆದುರಿನ ನೋಟದ ಮಧ್ಯದಲ್ಲಿ ಮಂಜು, ಆಮೇಲೆ ಸುತ್ತಲೂ. ಗೋಡೆ ಹಿಡಿದು ನಡೆದರೆ ಜನ ಸೊಂಟ ಪಾಪ ಎಂದರು. ಹೊರಗೆ ಹೋಗದಿದ್ದರೆ ಸೊಂಟ ಪಾಪ ಎಂದರು. ಡಾಕ್ಟರು ಕೇಳಿದ್ದೂ ಸೊಂಟವನ್ನೇ. ಕೊರಳಲ್ಲಿ ಕನ್ನಡಕ ತೂಗುತ್ತಿತ್ತು, ಕಾಗದ ಬಂದರೆ ಓದಿ ಹೇಳಲು ಮಗಳಿದ್ದಳು. ಡೋರೀನಳ ತಾಯಿಗೂ ಕೊನೆಗಾಲದಲ್ಲಿ ಕಣ್ಣು ಹೋಗಿತ್ತು. ನಿಮ್ಮ ಒಳ್ಳೆಯದಕ್ಕೇ ಎಂದು ಹೇಳಿ ಅವಳನ್ನು ಯಾವುದೋ ವೃದ್ಧಾಶ್ರಮಕ್ಕೆ ಸೇರಿಸಿದರು. ಇದು ಯಾರ ಕೋಣೆ, ಇದು ಯಾರ ಕೋಣೆ ಎಂದು ಕೇಳುತ್ತಲೇ ಅವಳು ಸತ್ತಳು. ನನಗೆ ಮಾತ್ರ ಅದು ಬೇಡ ಅಂದುಕೊಂಡೆ ಎಂದಳು ಡೋರೀನ್.

ಜೆಮ್ಮಾ ಮನೆಯನ್ನು ನೋಡಿದಳು. ಎಲ್ಲೆಲ್ಲೂ ಹುರಿಯ ತುಂಡುಗಳು. ಹುಡುಗಿಯಾಗಿದ್ದಾಗ ಡೋರೀನ್ ಮೀನುಬಲೆ ಹೆಣೆಯುವ ಕೆಲಸಕ್ಕೆ ಹೋಗುತ್ತಿದ್ದಳು, ಹಳೆಯ ಚಟ ಬಿಡಲಿಲ್ಲವೆಂದು ಜೆಮ್ಮಾ ಎಷ್ಟೋ ಸಲ ಆಡಿಕೊಂಡಿದ್ದಳು. ಉಪ್ಪಿನ ಡಬ್ಬಿಗೆ ಒಂದು ಗಂಟು, ಸಕ್ಕರೆಗೆ ಎರಡು. ಬಿಸಿನೀರಿನ ನಲ್ಲಿಗೆ ಒತ್ತೊತ್ತಾಗಿ ಸುತ್ತಿದ ಹುರಿ. ಹಿತ್ತಿಲ ಮೆಟ್ಟಿಲ ಕಂಬಿಗೆ, ಕಾಲಿಡುವ ಮೊದಲೇ ಕೈಗೆ ಸಿಗುವಂತೆ, ಮುಷ್ಟಿಗಾತ್ರದ ಗಂಟು. ಭಾನುವಾರ ಇವಳು ಮೀನಿನ ಕಡುಬು ಬೇಯಿಸಿದ್ದಳಲ್ಲ, ಅಂಚನ್ನು ಬೆರಳಲ್ಲಿ ಒತ್ತಿ ಒತ್ತಿ ಚಿತ್ತಾರ ಮಾಡಿ! ನನ್ನ ಕೋಟಿನ ಗುಂಡಿ ಹೊಲಿದಿದ್ದಳಲ್ಲ! ಇಷ್ಟು ದೊಡ್ಡ ಕತ್ತಲೆಯನ್ನು ಇಷ್ಟು ಚಿಕ್ಕ ಮನೆಯಲ್ಲಿ ಈ ಹೆಂಗಸು ಯಾರಿಗೂ ತಗಲದಂತೆ ಹೇಗೆ ಇಟ್ಟುಕೊಂಡಿದ್ದಳು? ಇಗರ್ಜಿಯೊಳಗೆ ಬಂದವಳಂತೆ ಜೆಮ್ಮಾಳ ದನಿ ತಾನಾಗಿ ತಗ್ಗಿತು.

“ಬಣ್ಣ ಹಾಕಿಸಿದ ನನ್ನ ಕೂದಲು ನೋಡಿ ಷೀಲಾ ಬೊಬ್ಬೆ ಹೊಡೆದಾಗ, ಚೆನ್ನಾಗಿದೆ ಅಂದೆಯಲ್ಲಮ್ಮ?”

“ಷೀಲಾ ಬೊಬ್ಬೆ ಹೊಡೆದ್ಲು ಅಂದ್ರೆ ಚೆನ್ನಾಗೇ ಇರ್ಬೇಕು. ಯಾವ ಬಣ್ಣ?”

“ಕೆಂಪು.”

“ಅಯ್ಯೋ ದೇವರೇ,” ಅಂದಳು ಡೋರೀನ್. ಇಬ್ಬರೂ ನಕ್ಕರು, ನಗುತ್ತಲೇ ಜೆಮ್ಮಾ ಅತ್ತಳು.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ, ಅವರು ಬರೆದುಕೊಟ್ಟ ಮೇಲೆ ಕಿಟಕಿಯ ಹುಡುಗನ ಹತ್ತಿರ ಎಂದು ತೀರ್ಮಾನವಾಯಿತು. ಯಾರೂ ನಿನ್ನನ್ನು ಎಲ್ಲಿಗೂ ಒಯ್ಯದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಜೆಮ್ಮಾ ಎರಡೆರಡು ಸಲ ಹೇಳಿದಳು. ಡೋರೀನ್ ಆಲೂಗಡ್ಡೆಯನ್ನು ಮತ್ತೆ ಕೈಗೆತ್ತಿಕೊಂಡು, ಹೋಗಿ ಬ್ಯಾಗು ಖಾಲಿ ಮಾಡು ಅಂದಳು.

ಹೊರಗೆ ಚಳಿಗಾಲದ ಸಂಜೆ ಆಗಲೇ ಕವಿದಿತ್ತು. ಜೆಮ್ಮಾ ಕೋಣೆಗಳಿಗೆ ಹೋಗುವ ದಾರಿಯ ದೀಪ ಹಾಕಲು ಹೋದವಳು ಹಾಕಲಿಲ್ಲ. ಕಣ್ಣು ಮುಚ್ಚಿ, ಗೋಡೆಯ ಮೇಲೆ ಕೈಯಾಡಿಸುತ್ತ ನಡೆದಳು. ಬಚ್ಚಲ ಬಾಗಿಲ ಹಿಡಿಗೆ ಒಂದು ಗಂಟು, ತಾಯಿಯ ಕೋಣೆಗೆ ಎರಡು. ಆ ಹುರಿ ಒರಟಾಗಿ ಬೆರಳಿಗೆ ಚುಚ್ಚುತ್ತಿತ್ತು. ಕೊನೆಗೆ ತನ್ನ ಬಾಗಿಲ ಹಿಡಿ ಸಿಕ್ಕಿತು. ಅಲ್ಲಿಯೂ ಗಂಟಿತ್ತು. ಅದೊಂದು ಮಾತ್ರ ಅಮ್ಮನ ಬೆರಳು ತಾಗಿ ತಾಗಿ ಸವೆದು, ನಾರೆಲ್ಲ ಉದುರಿ, ನುಣ್ಣಗೆ ಆಗಿತ್ತು.